ಮುಂದಿನವರು ಕೂಗಬೇಕು

ಗುಡ್ಡದ ಸೈಕಲ್ ಕೊಳ್ಳುವುದಕ್ಕೆ ಸರಿಯಾದ ವಯಸ್ಸು ಯಾವುದು ಎಂದು ಕೇಳಿದ್ದರೆ ಆ ಬೀದಿಯವರು ಹದಿನೆಂಟು ಅನ್ನುತ್ತಿದ್ದರು. ತೀರ ಧಾರಾಳಿಗಳು ಇಪ್ಪತ್ತೈದರವರೆಗೂ ಹೋಗುತ್ತಿದ್ದರೇನೋ. ಫ್ರೇಮಿನವನೂ ಅವನ ಹೆಂಡತಿಯೂ ಕೊಂಡಾಗ ಇಬ್ಬರೂ ಐವತ್ತರ ಹೊಸ್ತಿಲಲ್ಲಿದ್ದರು. ಅವನದು ಚಿತ್ರಗಳಿಗೂ ಕನ್ನಡಿಗಳಿಗೂ ಚೌಕಟ್ಟು ಹಾಕುವ ಅಂಗಡಿ, ಆದ್ದರಿಂದ ಬೀದಿಗೆಲ್ಲ ಅವನು ಫ್ರೇಮಿನವನು. ಅವಳು ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆಂದು ಸಾರುವವಳು. ಅವಳಿಗೆ ಮೈಕು ಎಂಬ ಹೆಸರು ಅಂಟಿಕೊಂಡು ಎಷ್ಟು ಕಾಲವಾಗಿತ್ತೆಂದರೆ ಗಂಡನೂ ಹಾಗೇ ಕರೆಯುತ್ತಿದ್ದ. ದಿನಾ ಸ್ವಲ್ಪ ನಡೆಯಿರಿ ಎಂದು ಡಾಕ್ಟರು ಇಬ್ಬರಿಗೂ ಹೇಳಿದ್ದರು. ನಡೆಯುವುದು ಬೇಜಾರು ಎಂದು ಇವರು ಹೋಗಿ ದಪ್ಪ ಟೈರಿನ ಎರಡು ಸೈಕಲ್ ತಂದರು. ಮೇಲಿನ ಮಹಡಿಯಲ್ಲಿದ್ದ ಅವನ ಅಕ್ಕ ಕಿಟಕಿಯಿಂದ ಬಗ್ಗಿ ನೋಡಿ, "ಜನಕ್ಕೆ ಅರವತ್ತಕ್ಕೆ ಅರಳು ಮರಳು. ನಿಮಗೇನಪ್ಪಾ ಇಷ್ಟು ಅವಸರ?" ಎಂದಳು.

ಅಕ್ಕನ ಮಾತು ಪೂರ್ತಿ ಸುಳ್ಳೇನೂ ಆಗಿರಲಿಲ್ಲ. ಮೊದಲ ಸಲ ಮೈಕು ಹೆಲ್ಮೆಟ್ಟನ್ನು ಹಿಂದುಮುಂದಾಗಿ ಹಾಕಿಕೊಂಡೇ ಇಡೀ ಗುಡ್ಡ ಹತ್ತಿದ್ದಳು. ಫ್ರೇಮಿನವನು ಗೇರಿನ ಗುಂಡಿಯನ್ನು ಬ್ರೇಕೆಂದು ಒತ್ತಿ ಯಾರದೋ ಬೇಲಿಯೊಳಗೆ ನುಗ್ಗಿದ್ದ, ಬೇಲಿಯ ಒಡೆಯ ಬೈಯಲು ಬಂದವನು ನಕ್ಕು ನೀರು ಕೊಟ್ಟು ಕಳಿಸಿದ್ದ. ಆದರೆ ಇಬ್ಬರೂ ಬಿಡುವ ಪೈಕಿ ಅಲ್ಲ. ರಜೆ ಸಿಕ್ಕಿತೆಂದರೆ ಹಳೆಯ ವ್ಯಾನಿನ ಬೆನ್ನಿಗೆ ಸೈಕಲ್ ಕಟ್ಟಿ, ಬ್ರೆಡ್ಡು, ಬೇಯಿಸಿದ ಮೊಟ್ಟೆ, ಫ್ಲಾಸ್ಕಿನಲ್ಲಿ ಟೀ ಇಟ್ಟುಕೊಂಡು ಹೊರಟರೆ ಸಂಜೆ ಮೈಯೆಲ್ಲ ಕೆಂಪಾಗಿ, ಮೊಣಕಾಲು ತರಚಿಕೊಂಡು, ಹಲ್ಲು ಕಿರಿಯುತ್ತ ವಾಪಸಾಗುತ್ತಿದ್ದರು. ಹಾಗೆ ಬಂದ ದಿನ ಅವರನ್ನು ನೋಡಿದರೆ ಯಾರಿಗಾದರೂ ಹೊಟ್ಟೆಕಿಚ್ಚಾಗಬೇಕು.

ಅವರದು ಎರಡೇ ಕಟ್ಟುಪಾಡು. ಒಂದು, ದಾರಿ ಇಬ್ಬರಿಗೂ ಹೊಸದಾಗಿರಬೇಕು. ಹೆದ್ದಾರಿ ಬಿಟ್ಟು ಯಾವುದೋ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, "ಆ ಗುಡ್ಡದ ಮೇಲೆ ಕಾಲುದಾರಿ ಇದೆಯಾ?" ಎಂದು ಕೇಳುವುದು, ಇದೆ ಎಂದರೆ ಹತ್ತುವುದು. ನಕ್ಷೆ ನೋಡುವ ಹಾಗಿಲ್ಲ, ಒಮ್ಮೆ ಹೋದಲ್ಲಿಗೆ ಮತ್ತೆ ಹೋಗುವ ಹಾಗಿಲ್ಲ. "ಗೊತ್ತಿರೋ ದಾರಿ ತರಕಾರಿ ತರೋಕೆ" ಎಂದು ಫ್ರೇಮಿನವನು ಹೇಳುತ್ತಿದ್ದ. ಎರಡನೆಯದು, ಇಳಿಯುವಾಗ ಮುಂದಿನವರು ಕೂಗಬೇಕು. ಕಂಡದ್ದನ್ನೆಲ್ಲ, ಕಂಡ ಕೂಡಲೇ. ಕಲ್ಲು, ಬೇರು, ಗುಂಡಿ, ಎಡಕ್ಕೆ, ಬಲಕ್ಕೆ. ಹಿಂದಿನವರು ಕಣ್ಣಿಗಿಂತ ಹೆಚ್ಚಾಗಿ ಕಿವಿಯನ್ನು ನಂಬಿ ಬರಬೇಕು.

ಮುಂದೆ ಹೋಗುತ್ತಿದ್ದವನು ಯಾವಾಗಲೂ ಅವನೇ. ಒಮ್ಮೆ ನೀನು ಹೋಗು ಎಂದರೆ ಮೈಕು ಕೈಮುಗಿಯುತ್ತಿದ್ದಳು. "ಮುಂದೆ ಏನು ಬರುತ್ತೆ ಅಂತ ದಿನಾ ಊರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ. ಇಲ್ಲಾದ್ರೂ ಯಾರಾದ್ರೂ ನನಗೆ ಹೇಳ್ಲಿ" ಎನ್ನುತ್ತಿದ್ದಳು. ನಿಜವಾದ ಕಾರಣ ಅದಲ್ಲವೆಂದು ಅವನಿಗೆ ಗೊತ್ತಿತ್ತು. ಅವಳಿಗೆ ಇಳಿಜಾರೆಂದರೆ ಭಯ. ಪ್ರತಿ ಸಲವೂ ಜೀವ ಅಂಗೈಯಲ್ಲಿ ಹಿಡಿದು ಅವನ ದನಿಯ ಹಿಂದೆ ಬರುತ್ತಿದ್ದಳು. ಆ ಭಯದ ಮೇಲೆ ಅವನಿಗೆ ಒಳಗೊಳಗೇ ಒಂದಿಷ್ಟು ಜಂಬವೂ ಇತ್ತು ಎನ್ನುವುದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಜಂಬಕ್ಕೆ ತಕ್ಕ ಶಾಸ್ತಿಯೂ ಆಯಿತು. ಹಿಂದಿನ ವರ್ಷ ಒಂದು ಕಲ್ಲು ತುಂಬಿದ ಇಳಿಜಾರಿನಲ್ಲಿ ತನ್ನ ವೇಗವನ್ನು ಹೆಂಡತಿ ನೋಡಿದಳೋ ಇಲ್ಲವೋ ಎಂದು ಕತ್ತು ತಿರುಗಿಸಿದ. ಮುಂದಿನ ಚಕ್ರ ಸಿಕ್ಕಿಕೊಂಡಿತು. ಹೆಗಲ ಎಲುಬು ಮುರಿದ ಸದ್ದು ಅವನಿಗೇ ಕೇಳಿಸಿತು. ಅವತ್ತು ಮೈಕು ಅವನನ್ನು ಎಬ್ಬಿಸಿ, ತನ್ನ ದುಪಟ್ಟಾದಲ್ಲಿ ತೋಳು ಕಟ್ಟಿ, ಗುಡ್ಡ ಇಳಿಸಿ, ಆಸ್ಪತ್ರೆಯವರೆಗೆ ವ್ಯಾನ್ ಓಡಿಸಿದಳು. ದಾರಿಯುದ್ದಕ್ಕೂ "ಮುಂದೆ ಉಬ್ಬು ಬರುತ್ತೆ, ಹಲ್ಲು ಕಚ್ಚಿಕೋ" ಎಂದು ಹೇಳುತ್ತಲೇ ಇದ್ದಳು.

ಎಲುಬು ಕೂಡಿತು, ಧೈರ್ಯ ಕೂಡಲಿಲ್ಲ. ಆಳೆತ್ತರದ ಗಾಜಿನ ಹಾಳೆಯನ್ನು ಎರಡು ಅಂಗೈಗಳ ನಡುವೆ ಹಿಡಿದು ಕಿರಿದಾದ ಅಂಗಡಿಯಲ್ಲಿ ಬಳುಕುತ್ತ ತಿರುಗುವ ಮನುಷ್ಯ, ಗುಡ್ಡದ ನೆತ್ತಿಯಲ್ಲಿ ನಿಂತು ಕೆಳಗೆ ನೋಡಿದರೆ ಕೈಕಾಲು ತಣ್ಣಗಾಗಿ ನಿಂತುಬಿಡುತ್ತಿದ್ದ. ಬೆರಳುಗಳು ಬ್ರೇಕನ್ನು ಹಿಡಿದರೆ ಬಿಡುತ್ತಿರಲಿಲ್ಲ. ಹತ್ತುವುದೇನೋ ಹತ್ತುತ್ತಿದ್ದ, ಇಳಿಯುವಾಗ ಸೀಟಿನಿಂದ ಕೆಳಗಿಳಿದು ಸೈಕಲ್ಲನ್ನು ಹಟಮಾರಿ ಕರುವಿನ ಹಾಗೆ ನಡೆಸಿಕೊಂಡು ಬರುತ್ತಿದ್ದ. ಮೈಕುವೂ ಇಳಿದು ಪಕ್ಕದಲ್ಲಿ ನಡೆಯುತ್ತಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ. ಅವಳು ಆಡದೆ ಬಿಟ್ಟ ಆ ಮಾತುಗಳೇ ಅವನಿಗೆ ಹೆಚ್ಚು ಚುಚ್ಚುತ್ತಿದ್ದವು. ಅವಳು ಹೇಗೂ ಅವನ ದನಿಯಿಲ್ಲದೆ ಇಳಿಯುವವಳಲ್ಲ, ತನ್ನಿಂದ ಅವಳ ಸಂತೋಷಕ್ಕೂ ಕಲ್ಲು ಬಿತ್ತು ಎಂದು ಅವನಿಗೆ ಅನಿಸತೊಡಗಿತು.

ಕೊನೆಗೊಂದು ದಿನ ಅಂಗಡಿಯಲ್ಲಿ ಚೌಕಟ್ಟಿನ ಮೂಲೆ ಕೂಡಿಸುತ್ತ ಅವನು ಹೇಳಿಯೇಬಿಟ್ಟ. "ಸೈಕಲ್ ರಿಪೇರಿಯವನಿಗೆ ಸೋಮವಾರ ಬಾ ಅಂದಿದೀನಿ. ನನ್ನದನ್ನ ತಗೊಂಡು ಹೋಗ್ಲಿ. ಯಾರಾದ್ರೂ ಓಡಿಸೋರಿಗೆ ಕೊಡ್ಲಿ."

ಊಟದ ಡಬ್ಬಿ ತಂದಿದ್ದ ಮೈಕು ಡಬ್ಬಿ ಕೆಳಗಿಡಲಿಲ್ಲ. "ಸೋಮವಾರ ತಾನೇ?" ಎಂದಳು. "ಭಾನುವಾರ ಒಂದಿದೆಯಲ್ಲ. ಕೊನೇ ಸಲ ಹೋಗಿ ಬರೋಣ."

"ಹೋಗಿ ಏನು ಮಾಡೋದು, ಮತ್ತೆ ಸೈಕಲ್ ಹಿಡ್ಕೊಂಡು ನಡೆಯೋದಾ?"

"ನಡೆದ್ರೆ ನಡೆದ್ವಿ. ಕಾಲು ಸವೆಯುತ್ತಾ?"

ಭಾನುವಾರ ಬೆಳಗ್ಗೆ ವ್ಯಾನನ್ನು ತಾನೇ ಓಡಿಸುತ್ತೇನೆಂದು ಅವಳು ಕೀಲಿ ಕಸಿದುಕೊಂಡಳು. ಅಕ್ಕ ಮೇಲಿನಿಂದ, "ಈ ಸಲ ಯಾವ ಎಲುಬು?" ಎಂದು ಕೇಳುವಷ್ಟರಲ್ಲಿ ಅವಳು ವ್ಯಾನನ್ನು ಹೊರಡಿಸಿಬಿಟ್ಟಿದ್ದಳು. ಊರು ಬಿಟ್ಟು, ಹೆದ್ದಾರಿ ಬಿಟ್ಟು, ಒಂದು ಬಂಕಿನಲ್ಲಿ ನಿಲ್ಲಿಸಿ ಅವಳೇ ಇಳಿದು ದಾರಿ ಕೇಳಿದಳು. ಟೈರಿಗೆ ಗಾಳಿ ತುಂಬುತ್ತಿದ್ದವನು ಅವಳನ್ನು ನೋಡಿ ನಕ್ಕು ಏನೋ ಹೇಳಹೊರಟ. ಅವಳು ಗಡಿಬಿಡಿಯಿಂದ "ಗಾಳಿ ಸಾಕು, ಸಾಕು" ಎಂದು ಬಂದು ಕೂತಳು. ಫ್ರೇಮಿನವನು ಅದನ್ನು ಕಂಡರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ, ಅವನ ಮನಸ್ಸೆಲ್ಲ ಸೋಮವಾರದ ಮೇಲಿತ್ತು.

ಗುಡ್ಡ ಹತ್ತುವುದು ಚೆನ್ನಾಗಿಯೇ ಆಯಿತು. ನೆತ್ತಿಯಲ್ಲಿ ಗಾಳಿ ಬೀಸುತ್ತಿತ್ತು. ಕೆಳಗೆ ಹೊಲಗಳು, ಹುಲ್ಲು, ಅದರೊಳಗೆ ಹೊಕ್ಕು ಮಾಯವಾಗುವ ಬಿಳಿ ಕಾಲುದಾರಿ. ಫ್ರೇಮಿನವನು ಅಭ್ಯಾಸದಂತೆ ಸೀಟಿನಿಂದ ಇಳಿದ. ಮೈಕು ಇಳಿಯಲಿಲ್ಲ.

"ಇವತ್ತು ನಾನು ಮುಂದೆ" ಎಂದಳು.

"ನೀನಾ?"

"ನಾನೇ. ಹೊಟ್ಟೆಪಾಡಿಗೆ ಕೂಗೋಳು, ಗಂಡನಿಗೋಸ್ಕರ ಒಂದು ಸಲ ಕೂಗಬಾರದಾ? ಹತ್ತು. ಆಗದಿದ್ರೆ ನಿಲ್ಲಿಸು. ನಾನೂ ನಿಲ್ತೀನಿ."

ಕೊನೆಯ ದಿನ, ಅವಳ ಮಾತು ತೆಗೆದುಹಾಕಲು ಮನಸ್ಸು ಬರಲಿಲ್ಲ. ಹತ್ತಿದ. ಬೆರಳುಗಳು ಆಗಲೇ ಬ್ರೇಕಿನ ಮೇಲೆ ಬಿಗಿದಿದ್ದವು. ಅವಳು ಮೆಲ್ಲಗೆ ಹೊರಟಳು. ಹೊರಟ ಕೂಡಲೇ ಆ ದನಿ ಬಂತು. ಮನೆಯಲ್ಲಿ ತರಕಾರಿಯವನ ಜತೆ ಜಗಳವಾಡುವ ದನಿಯಲ್ಲ, ನಿಲ್ದಾಣದ ದನಿ. ಸಾವಿರ ಜನರ ಗದ್ದಲದ ಮೇಲೆ ತೇಲಿ ಬಂದು ಬೇಕಾದವರ ಕಿವಿಗೆ ನೆಟ್ಟಗೆ ಇಳಿಯುವ ದನಿ. "ಸಡಿಲ ಕಲ್ಲು, ನಡುವೆ ಬಾ. ಬೇರು ಎರಡು, ಚಕ್ರ ನೇರ ಇಟ್ಕೋ. ಬಲಗಡೆ ಗುಂಡಿ. ಬ್ರೇಕು ಸ್ವಲ್ಪ ಬಿಡು. ಬಿಡು, ಏನೂ ಇಲ್ಲ. ಚೆನ್ನಾಗಿದೆ."

ಅವನು ಬಿಟ್ಟ. ಯಾಕೆ ಬಿಟ್ಟನೋ ಅವನಿಗೇ ಗೊತ್ತಾಗಲಿಲ್ಲ. ಚಕ್ರ ಉರುಳಿತು. ಅವಳು ಕಲ್ಲು ಎಂದಲ್ಲಿ ಕಲ್ಲು, ಬೇರು ಎಂದಲ್ಲಿ ಬೇರು. ಒಂದೂ ತಪ್ಪಲಿಲ್ಲ, ಒಂದೂ ತಡವಾಗಲಿಲ್ಲ. ಇಳಿಜಾರಿನ ಮೇಲಿನ ಭಾಗ ಮುಗಿಯುವ ಹೊತ್ತಿಗೆ ಅವನ ಹೆಗಲು ಕಿವಿಯಿಂದ ಕೆಳಗೆ ಇಳಿದಿತ್ತು. ಇಷ್ಟು ದೂರ ಇಳಿದೆನೇ ಎಂದು ನಗುವೂ ಬಂತು. ಅಷ್ಟರಲ್ಲಿ ದಾರಿ ಒಂದು ದೊಡ್ಡ ಬಂಡೆಯನ್ನು ಬಳಸಿ ಎಡಕ್ಕೆ ತಿರುಗುವುದಿತ್ತು. ಬಂಡೆ ಮನೆಯಷ್ಟು ದೊಡ್ಡದು, ಆಚೆಗೇನಿದೆಯೆಂದು ಹದ್ದಿಗೆ ಮಾತ್ರ ಗೊತ್ತು. ಮೈಕು ಇನ್ನೂ ಈಚೆಯೇ ಇದ್ದಳು.

"ತಿರುವು ದಾಟಿದ ಮೇಲೆ ಮರ ಅಡ್ಡ ಬಿದ್ದಿದೆ" ಎಂದು ಅವಳು ಸಾರಿದಳು. "ಎಡಗಡೆ ಸಂದು ಇದೆ. ನಿಧಾನಕ್ಕೆ ಬನ್ನಿ."

ತಿರುವು ದಾಟಿದರೆ ಮರ ಅಡ್ಡ ಬಿದ್ದಿತ್ತು. ಎಡಗಡೆ ಸಂದೂ ಇತ್ತು. ಫ್ರೇಮಿನವನು ಬ್ರೇಕು ಒತ್ತಿ, ಕಾಲೂರಿ ನಿಂತ. ಭಯದಿಂದಲ್ಲ.

"ಮೈಕು, ನಿಲ್ಲು."

ಅವಳು ನಿಂತಳು, ಆದರೆ ತಿರುಗಿ ನೋಡಲಿಲ್ಲ.

"ಈ ಮರ ನಿನಗೆ ಬಂಡೆಯೊಳಗಿಂದ ಕಾಣಿಸ್ತಾ?"

ಬಸ್ಸು ಬಂದ ಮೇಲೆ ಬಸ್ಸು ಬಂತು ಎನ್ನುವುದು ಹರಟೆ, ಬರುವ ಮುಂಚೆ ಹೇಳುವುದು ಕೆಲಸ ಎಂದು ಅವಳು ಹೊಸಬರಿಗೆ ಕಲಿಸುತ್ತಿದ್ದಳು. ಇಪ್ಪತ್ತು ವರ್ಷದಿಂದ ನಾಲಿಗೆಗೆ ಅದೇ ರೂಢಿ. ಗೊತ್ತಿರುವುದನ್ನು ಕಾಣುವವರೆಗೆ ತಡೆದಿಟ್ಟುಕೊಳ್ಳುವುದು ಅವಳ ನಾಲಿಗೆಯಿಂದ ಆಗಲೇ ಇಲ್ಲ, ಕೊನೆಗೆ "ಬನ್ನಿ" ಎಂಬ ನಿಲ್ದಾಣದ ಮರ್ಯಾದೆಯೂ ಜತೆಗೆ ಬಂದುಬಿಟ್ಟಿತ್ತು. ಅವಳು ಹೆಲ್ಮೆಟ್ಟು ತೆಗೆದು ಬಿದ್ದ ಮರದ ಮೇಲೆ ಕೂತಳು. ಸಿಕ್ಕಿಬಿದ್ದವಳ ಮುಖ.

"ಎರಡು ಸಲ ಬಂದಿದ್ದೆ" ಎಂದಳು. "ನೀನು ಸೋಮವಾರದ ಮಾತು ತೆಗೆದ ಮಾರನೇ ದಿನ ಒಂದು ಸಲ, ಆಮೇಲೆ ಇನ್ನೊಂದು ಸಲ. ಪಾಳಿ ಬದಲಾಯಿಸಿಕೊಂಡಿದ್ದೆ."

ಬಂಕಿನವನು ನಕ್ಕದ್ದು ಅವನಿಗೆ ಈಗ ಅರ್ಥವಾಯಿತು. ಈ ವಾರ ಅವಳ ಮೊಣಕೈ ನೀಲಿಗಟ್ಟಿದ್ದೂ ನೆನಪಾಯಿತು. ನಿಲ್ದಾಣದ ಮೇಜಿನ ಡ್ರಾಯರ್ ಮೂಲೆ ತಾಗಿತು ಎಂದಿದ್ದಳು. ಆ ಮೂಲೆಯನ್ನು ಉಜ್ಜಿ ದುಂಡಗೆ ಮಾಡುತ್ತೇನೆಂದು ಇವನು ಮರಳುಕಾಗದ ತೆಗೆದುಕೊಂಡು ನಿಲ್ದಾಣಕ್ಕೇ ಹೋಗಿದ್ದ. ಡ್ರಾಯರಿಗೆ ಮೂಲೆಯೇ ಇರಲಿಲ್ಲ. ಇದ್ದುದನ್ನು ಆಗಲೇ ಯಾರೋ ಸರಿ ಮಾಡಿದರು ಎಂದು ಅವಳು ಕಣ್ಣಿಗೆ ಮಣ್ಣೆರಚಿದ್ದಳು.

ಮೊದಲು ಬಂದದ್ದು ಸಿಟ್ಟು. "ಇಬ್ಬರಿಗೂ ಹೊಸ ದಾರಿ ಅಂತ ಮಾತಾಗಿತ್ತಲ್ಲ! ಇದು ಸವಾರಿನಾ? ಕುರುಡನ ಕೈ ಹಿಡಿದು ರಸ್ತೆ ದಾಟಿಸಿದ ಹಾಗೆ ಇಳಿಸಿದೀಯ. ನಾನು ಏನೋ ಸಾಧಿಸಿದೆ ಅಂತ ಒಳಗೊಳಗೇ ಹಿಗ್ತಾ ಇದ್ದೆ."

"ಹೇಳಿದ್ರೆ ಬರ್ತಿದ್ದೆಯಾ?"

"ಇಲ್ಲ."

"ಮತ್ತೆ?"

ಅವನು ಬಂಡೆಯ ಕಡೆ, ತಾನು ಇಳಿದು ಬಂದ ದಾರಿಯ ಕಡೆ ನೋಡಿದ. ಬಿಡಿ ಕಲ್ಲುಗಳು, ಬೇರುಗಳು, ಗುಂಡಿಗಳು. ನೋಡುತ್ತ ನೋಡುತ್ತ ಬೇರೊಂದು ವಿಷಯ ಅವನ ತಲೆಗೆ ಬಂತು, ಸಿಟ್ಟು ಅಲ್ಲೇ ನಿಂತಿತು.

"ನೀನು ಬಂದಾಗ ಮುಂದೆ ಯಾರಿದ್ರು?"

"ಯಾರಿದ್ರು ಅಂದ್ರೆ? ಯಾರೂ ಇರ್ಲಿಲ್ಲ."

"ಕೂಗೋರು ಯಾರೂ ಇರ್ಲಿಲ್ಲ."

"ನಾನೇ ಕೂಗಿಕೊಂಡೆ" ಎಂದಳು ಅವಳು, ತುಸು ನಾಚಿ. "ಹಿಂದೆ ನೀನು ಬರ್ತಾ ಇದೀಯ ಅಂದ್ಕೊಂಡು ಕೂಗಿದೆ. ಕಲ್ಲು, ಬಾ, ಬೇರು, ಬಾ ಅಂತ. ಮೊದಲನೇ ಸಲ ಈ ಮರಕ್ಕೆ ನೆಟ್ಟಗೆ ಬಂದು ಗುದ್ದಿದೆ, ಮೊಣಕೈ ಅದೇ. ಅಲ್ಲೊಂದು ಮೇಕೆ ಮೇಯ್ತಾ ಇತ್ತು. ಮೇಯೋದು ಬಿಟ್ಟು ನನ್ನೇ ನೋಡ್ತು. ಇವಳಿಗೆ ಏನೋ ಆಗಿದೆ ಅಂದ್ಕೊಂಡಿರಬೇಕು."

"ಭಯ ಆಗ್ಲಿಲ್ವಾ?"

"ಆಗದೆ? ಮೇಲೆ ನಿಂತು ಅತ್ತೂಬಿಟ್ಟೆ. ಆಮೇಲೆ ನೀನು ಸೈಕಲ್ ಕೊಟ್ಟುಬಿಟ್ರೆ ಭಾನುವಾರ ನಾವಿಬ್ಬರೂ ಮನೇಲಿ ಕೂತು ಒಬ್ಬರ ಮುಖ ಒಬ್ಬರು ನೋಡೋದು ನೆನಪಾಯ್ತು. ಅದಕ್ಕಿಂತ ಇದು ವಾಸಿ ಅನ್ನಿಸ್ತು, ಇಳಿದೆ."

ಫ್ರೇಮಿನವನು ಹೆಂಡತಿಯನ್ನು ನೋಡಿದ. ಬೆವರಿಗೆ ಅಂಟಿದ ಕೂದಲು, ಕೆಂಪು ಮೂಗು, ಮಡಿಲಲ್ಲಿ ಹೆಲ್ಮೆಟ್ಟು. ಇಷ್ಟು ವರ್ಷ ಅವಳನ್ನು ಗುಡ್ಡ ಇಳಿಸುತ್ತಿರುವವನು ತಾನು ಎಂದುಕೊಂಡಿದ್ದ. ಅಂಜುಬುರುಕಿ ಎಂದು ಒಳಗೇ ಇಟ್ಟುಕೊಂಡಿದ್ದ ಹೆಸರು ಈಗ ನಾಲಿಗೆಯ ಮೇಲೆ ಕಹಿಯಾಯಿತು. ಭಯವಿಲ್ಲದೆ ಇಳಿಯುತ್ತಿದ್ದ ತಾನೆಲ್ಲಿ, ಅತ್ತು ಕಣ್ಣೊರೆಸಿಕೊಂಡು ಒಬ್ಬಳೇ ಇಳಿದ ಇವಳೆಲ್ಲಿ! ಅದೂ ಇಲ್ಲದ ಗಂಡನಿಗೆ ದಾರಿ ಹೇಳುತ್ತ. ಇವಳಂಥ ಸವಾರರನ್ನು ತಾನು ಕಂಡೇ ಇಲ್ಲ ಎನಿಸಿತು. ಹೇಳಬೇಕೆಂದು ಬಾಯಿ ತೆರೆದರೆ "ಟೀ ಇದೆಯಾ?" ಎಂಬ ಮಾತು ಹೊರಬಂತು. ಅವಳಿಗೆ ಅರ್ಥವಾಗಿರಬೇಕು, ನಕ್ಕು ಫ್ಲಾಸ್ಕು ಕೊಟ್ಟಳು.

ಟೀ ಕುಡಿಯುವಾಗ ಅವನು ಕಂಡ, ಮರದ ಆಚೆ ದಾರಿ ಕವಲೊಡೆದಿತ್ತು. ಎಡದ್ದು ಅಗಲ, ನುಣುಪು. ಬಲದ್ದು ಪೊದೆಗಳ ನಡುವೆ ತಗ್ಗಿಗೆ ಇಳಿದಿತ್ತು.

"ನೀನು ಯಾವುದರಲ್ಲಿ ಹೋದೆ?"

"ಎರಡು ಸಲವೂ ಎಡಕ್ಕೆ. ನೆಟ್ಟಗೆ ವ್ಯಾನಿನ ಹತ್ತಿರ ಹೋಗುತ್ತೆ. ಒಂದು ಗುಂಡಿಯೂ ಇಲ್ಲ."

"ಬಲದ್ದು?"

"ಯಾರಿಗೆ ಗೊತ್ತು?"

ಅವನು ಸೈಕಲ್ಲನ್ನು ಮರದ ಸಂದಿನಿಂದ ದಾಟಿಸಿ ಬಲಗಡೆಯ ದಾರಿಯ ಬಾಯಲ್ಲಿ ನಿಲ್ಲಿಸಿದ. ತನ್ನ ಭಯವನ್ನು ಅವಳಿಂದ ಮುಚ್ಚುವ ಗೋಜಿಗೆ ಹೋಗಲಿಲ್ಲ. ಮೈಕು ಗಾಬರಿಯಾಗಿ ಎದ್ದಳು.

"ಬೇಡ. ಅಲ್ಲಿ ಏನಿದೆಯೋ ನನಗೂ ಗೊತ್ತಿಲ್ಲ. ನಾನು ಹೇಳೋಕಾಗಲ್ಲ."

"ನೀನು ಹೇಳ್ಬೇಡ. ನಾನು ಮುಂದೆ ಹೋಗ್ತೀನಿ. ನನ್ನ ಮಾತು ಕೇಳ್ಕೊಂಡು ಬಾ."

ಹತ್ತಿದ. ತಗ್ಗು ಕಂಡ ಕೂಡಲೇ ಹಳೆಯ ತಣ್ಣಗಿನ ನಡುಕ ಬೆನ್ನು ಹತ್ತಿ ಬಂತು, ಬೆರಳು ಬಿಗಿಯಿತು. ಇನ್ನೇನು ಕಾಲೂರಬೇಕು, ಹಿಂದೆ ಅವಳ ಟೈರಿನ ಕೆಳಗೆ ಕಡ್ಡಿ ಮುರಿದ ಸದ್ದಾಯಿತು. ಅವಳು ಹೊರಟಾಗಿತ್ತು. ಅವನ ಎದುರಿಗೊಂದು ಕಲ್ಲಿತ್ತು. ಅದನ್ನು ತಾನು ಹೇಳದಿದ್ದರೆ ಹೇಳುವವರು ಯಾರೂ ಇಲ್ಲ.

"ಕಲ್ಲು!" ಎಂದ. ದನಿ ಒಡೆದಿತ್ತು. "ಎಡಕ್ಕೆ! ಬೇರು! ಕೊಂಬೆ ಇದೆ, ತಲೆ ಬಗ್ಗಿಸು!"

ಕೂಗಬೇಕಾದರೆ ಮುಂದೆ ನೋಡಬೇಕು, ಮುಂದೆ ನೋಡುವವನಿಗೆ ತನ್ನ ಹೆಗಲನ್ನು ನೆನೆಯಲು ಪುರುಸೊತ್ತಿಲ್ಲ. ಪೊದೆಗಳು ಎರಡೂ ಕಡೆ ಓಡಿದವು. ಬ್ರೇಕನ್ನು ಯಾವಾಗ ಹಿಡಿದ, ಯಾವಾಗ ಬಿಟ್ಟ, ಅವನಿಗೆ ತಿಳಿಯಲಿಲ್ಲ. ತಿಳಿದದ್ದು ಹಿಂದೆ ಬರುತ್ತಿರುವ ಆ ಟೈರಿನ ಸದ್ದು ಮಾತ್ರ. ಮೇಲೆ ಅಷ್ಟು ಹೊತ್ತು ಒಬ್ಬಳೇ ಇಳಿದವಳಿಗೆ ಯಾಕೆ ಕೂಗಬೇಕೆನಿಸಿತೆಂದು ಈಗ ಹೊಳೆಯಿತು. ಗುಂಡಿ, ಎಂದ. ಮರಳು, ಎಂದ. ಒಂದು ತಿರುವು, ಇನ್ನೊಂದು ತಿರುವು, ತಳದಲ್ಲಿ ತೆಳ್ಳಗೆ ನೀರು ಹರಿಯುತ್ತಿರುವುದು ಕಂಡಿತು. ಒಣಗಿದೆಯೆಂದುಕೊಂಡ ನೆಲ ಒಣಗಿರಲಿಲ್ಲ. ಮುಂದಿನ ಚಕ್ರ ಎಡಕ್ಕೆ ಜಾರಿತು, ಸೈಕಲ್ಲು ಕಾಲಿನ ಕೆಳಗಿಂದ ಹೊರಟೇಹೋಯಿತು. ಗಾಳಿಯಲ್ಲಿದ್ದ ಆ ಗಳಿಗೆಯಲ್ಲಿ ಅವನ ಬಾಯಿ ಕೂಗುತ್ತಿತ್ತು.

"ಕೆಸರು! ಬಲಕ್ಕೆ ಬಾ, ಬಲಕ್ಕೆ!"

ದೊಪ್ಪೆಂದು ಬಿದ್ದ. ಮೈಕು ಬಲಕ್ಕೆ ಬಂದಳು. ಗಟ್ಟಿ ನೆಲದ ಮೇಲೆ ಅಂಗುಲವೂ ಜಾರದೆ ಬಂದು ನಿಂತು, ಸೈಕಲ್ಲನ್ನು ಎಸೆದು ಓಡಿದಳು.

ಅವನು ಮಲಗಿಯೇ ಇದ್ದ. ಹೆಗಲಿನಲ್ಲಿ ಆ ಹಳೆಯ ಸದ್ದಿಗಾಗಿ ಕಾದ. ಬರಲಿಲ್ಲ. ತೋಳು ಎತ್ತಿದ, ಎದ್ದಿತು. ಬೆರಳು ಮಡಿಸಿದ, ಮಡಚಿಕೊಂಡವು. ಗಡ್ಡದಿಂದ ಬೂಟಿನವರೆಗೆ ಕೆಸರು. ಮೈಕು ಅವನ ಹೆಗಲು ಮುಟ್ಟಿ, ಕತ್ತು ಮುಟ್ಟಿ, ತಲೆ ಮುಟ್ಟಿ ನೋಡಿದಳು.

"ಏನೂ ಆಗಿಲ್ಲ" ಎಂದ ಅವನು. "ನಾನು ಬೀಳಲಿಲ್ಲ, ನೆಲ ಮೇಲೆ ಬಂತು."

"ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅಂತೆ" ಎಂದು ಹೇಳಲು ಹೊರಟವಳು ಅರ್ಧಕ್ಕೇ ನಿಲ್ಲಿಸಿದಳು. ಮುಖ ಬಿಳಿಚಿಕೊಂಡಿತ್ತು. ಕೆಸರಿನಲ್ಲೇ ಅವನ ಪಕ್ಕ ಕೂತುಬಿಟ್ಟಳು.

"ಬೀಳ್ತಾ ಇದ್ದೆ ನೀನು" ಎಂದಳು. "ಬೀಳ್ತಾ ಇರೋವಾಗ ನನಗೆ ದಾರಿ ಹೇಳಿದೆಯಲ್ಲೋ."

"ಹಿಂದೆ ನೀನಿದ್ದೆಯಲ್ಲ" ಎಂದ ಅವನು.

ಅವಳು ಕೆಸರಿನ ಕೈಯಿಂದಲೇ ಕಣ್ಣೊರೆಸಿಕೊಂಡಳು, ಅದರಿಂದ ಮುಖ ಇನ್ನಷ್ಟು ಕೆಟ್ಟಿತು. ನೀರಿನಾಚೆ ದಾರಿ ಮತ್ತೆ ಏರಿ, ಇನ್ನೊಂದು ದಿಬ್ಬದ ಹಿಂದೆ ಇಳಿದು ಹೋಗಿತ್ತು. ಅಲ್ಲೇನಿದೆಯೋ ಇಬ್ಬರಿಗೂ ಗೊತ್ತಿರಲಿಲ್ಲ. ಫ್ರೇಮಿನವನು ಎದ್ದು ಸೈಕಲ್ಲನ್ನು ಎತ್ತಿ, ಹ್ಯಾಂಡಲ್ ನೆಟ್ಟಗೆ ಮಾಡಿ, ಹಿಡಿಯ ಮೇಲಿನ ಮಣ್ಣನ್ನು ಅಂಗಿಗೆ ಒರೆಸಿದ. ಅವಳು ಏಳುವಷ್ಟರಲ್ಲಿ ಅವನು ಸೀಟಿನ ಮೇಲಿದ್ದ.